ಖುಲಾಸೆಯ ವಿರುದ್ಧ ಮೇಲ್ಮನವಿ: ಸರಕಾರ ಮೊದಲು ತನ್ನ ಕಡತವನ್ನು ತೆರೆದು ನೋಡಲಿ

ಗಾಂಜಾ ಪ್ರಕರಣವೊಂದರಲ್ಲಿ ಆರೋಪಿ ಖುಲಾಸೆಯಾದ ಸುದ್ದಿ ಊರಿಗೆ ಬಂದಾಗ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ದುಡ್ಡಿದ್ದವನು ಪಾರಾದ ಎಂಬುದು ಒಂದು. ಪೊಲೀಸರ ಸುಳ್ಳು ಬಯಲಾಯಿತು ಎಂಬುದು ಇನ್ನೊಂದು. ಮಸೀದಿಯ ಮೆಟ್ಟಿಲ ಮೇಲೆ ಕುಳಿತು ಹೀಗೆ ತೀರ್ಪು ಕೊಡುವ ಎರಡೂ ಗುಂಪಿನವರು ನ್ಯಾಯಾಧೀಶರು ಬರೆದ ತೀರ್ಪಿನ ಒಂದು ಪುಟವನ್ನೂ ಓದಿರುವುದಿಲ್ಲ. ಇತ್ತೀಚೆಗೆ ಇದಕ್ಕೆ ಮೂರನೆಯ ದನಿಯೊಂದು ಸೇರಿಕೊಂಡಿದೆ. ಸರಕಾರವು ಇಂತಹ ಪ್ರತಿಯೊಂದು ಖುಲಾಸೆಯ ವಿರುದ್ಧವೂ ಹೈಕೋರ್ಟಿಗೆ ಹೋಗಬೇಕು, ಒಬ್ಬನನ್ನೂ ಬಿಡಬಾರದು ಎಂಬ ದನಿಯದು. ಮಕ್ಕಳು ಹಾಳಾಗುವುದನ್ನು ಕಣ್ಣಾರೆ ಕಂಡ ತಾಯಂದಿರು ಹೀಗೆ ಹೇಳಿದರೆ ಅದನ್ನು ತಪ್ಪೆನ್ನಲು ಯಾರಿಗೂ ಮನಸ್ಸಾಗದು. ಆದರೆ ಅದೇ ಮಾತನ್ನು ಪೊಲೀಸ್ ಇಲಾಖೆಯೂ ರಾಜಕಾರಣಿಗಳೂ ಆಡುವಾಗ ನಾವು ಸ್ವಲ್ಪ ನಿಂತು ಯೋಚಿಸಬೇಕಾಗುತ್ತದೆ.

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳಿಗೆ ಈ ಪ್ರಶ್ನೆ ದೂರದ್ದಲ್ಲ. ಪುಣೆ-ಬೆಂಗಳೂರು ಹೆದ್ದಾರಿ ನಿಪ್ಪಾಣಿಯ ಮೂಲಕವೇ ಹಾದುಹೋಗುತ್ತದೆ. ಕೊಗನೊಳಿ ದಾಟಿದರೆ ಮಹಾರಾಷ್ಟ್ರ. ಕಾಗವಾಡದವರಿಗೆ ಬೆಳಗಾವಿಗಿಂತ ಮಿರಜವೇ ಹತ್ತಿರ. ಕುಡಚಿಯ ರೈಲು ನಿಲ್ದಾಣದಿಂದ ಮಿರಜಕ್ಕೂ ಲೋಂಡಾಕ್ಕೂ ಹಳಿ ಇದೆ. ಎರಡು ರಾಜ್ಯಗಳ ನಡುವೆ ಸರಕು ಸಾಗುವ ದಾರಿಗಳಲ್ಲಿ ಸಾಗಬಾರದ್ದೂ ಸಾಗುತ್ತದೆ. ಇನ್ನು ಆಳೆತ್ತರಕ್ಕೆ ಬೆಳೆದ ಕಬ್ಬಿನ ಗದ್ದೆಯ ನಡುವೆ ಗಾಂಜಾ ಗಿಡಗಳು ಪತ್ತೆಯಾದ ಸುದ್ದಿ ಉತ್ತರ ಕರ್ನಾಟಕದ ಪತ್ರಿಕೆಗಳಲ್ಲಿ ಆಗಾಗ ಕಾಣುವಂಥದ್ದೇ. ಹಿಡಿದ ದಿನ ಅಧಿಕಾರಿಗಳು ಮೂಟೆಗಳ ಹಿಂದೆ ಸಾಲಾಗಿ ನಿಂತು ತೆಗೆಸಿಕೊಂಡ ಫೋಟೋ ಮುಖಪುಟದಲ್ಲಿ ಬರುತ್ತದೆ. ಆ ಮೂಟೆಗಳು ನಾಲ್ಕೈದು ವರ್ಷಗಳ ಬಳಿಕ ನ್ಯಾಯಾಲಯದಲ್ಲಿ ಏನಾದವು ಎಂಬುದು ಯಾವ ಪುಟದಲ್ಲೂ ಬರುವುದಿಲ್ಲ.

1985ರ ಮಾದಕ ದ್ರವ್ಯ ಕಾಯ್ದೆ, ಅಂದರೆ ಜನರ ಬಾಯಲ್ಲಿ ಎನ್‌ಡಿಪಿಎಸ್ ಎಂದಿರುವ ಕಾನೂನು, ದೇಶದ ಅತ್ಯಂತ ಕಠಿಣ ಕಾನೂನುಗಳಲ್ಲೊಂದು. ಗಾಂಜಾ 20 ಕಿಲೋ ಮೀರಿದರೆ ಅದು ವಾಣಿಜ್ಯ ಪ್ರಮಾಣ. ಅದಕ್ಕೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ ಜೈಲು. ದಂಡ 1 ಲಕ್ಷಕ್ಕೆ ಕಡಿಮೆಯಿಲ್ಲ. ವಾಣಿಜ್ಯ ಪ್ರಮಾಣದ ಆರೋಪವಿದ್ದರೆ 37ನೆಯ ಕಲಮಿನಿಂದಾಗಿ ಜಾಮೀನು ಸಿಗುವುದು ಬಹಳ ಕಷ್ಟ. ಆರೋಪಿಯು ತಪ್ಪಿತಸ್ಥನಲ್ಲವೆಂದು ನಂಬಲು ಕಾರಣವಿದೆ ಎಂದು ನ್ಯಾಯಾಲಯಕ್ಕೆ ವಿಚಾರಣೆಗೆ ಮೊದಲೇ ಮನವರಿಕೆಯಾಗಬೇಕು. ಮಾಲು ಅವನ ವಶದಲ್ಲಿತ್ತೆಂದು ಸಾಬೀತಾದರೆ, ತನಗೆ ಅದರ ಅರಿವಿರಲಿಲ್ಲ ಎಂಬುದನ್ನು ಅವನೇ ಸಾಬೀತುಪಡಿಸಬೇಕು. ಸಾಮಾನ್ಯ ಕಾನೂನಿನಲ್ಲಿ ಸರಕಾರದ ಹೆಗಲ ಮೇಲಿರುವ ಭಾರದ ಒಂದು ಪಾಲನ್ನು ಇಲ್ಲಿ ಆರೋಪಿಯ ಹೆಗಲಿಗೆ ಹೊರಿಸಲಾಗಿದೆ.

ಇಷ್ಟು ಬಲವಾದ ಆಯುಧವನ್ನು ಪೊಲೀಸರ ಕೈಗೆ ಕೊಟ್ಟ ಸಂಸತ್ತು ಅದಕ್ಕೊಂದು ಒರೆಯನ್ನೂ ಕೊಟ್ಟಿದೆ. ಗುಪ್ತ ಮಾಹಿತಿ ಬಂದರೆ ಅದನ್ನು ಬರಹದಲ್ಲಿ ದಾಖಲಿಸಿ ಮೇಲಧಿಕಾರಿಗೆ ಕಳುಹಿಸಬೇಕು ಎನ್ನುತ್ತದೆ 42ನೆಯ ಕಲಂ. ವ್ಯಕ್ತಿಯ ದೇಹ ಶೋಧನೆಗೆ ಮೊದಲು, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ಶೋಧನೆಗೊಳಗಾಗುವ ಹಕ್ಕು ನಿನಗಿದೆ ಎಂದು ಅವನಿಗೆ ತಿಳಿಸಬೇಕು ಎನ್ನುತ್ತದೆ 50ನೆಯ ಕಲಂ. ವಶಪಡಿಸಿಕೊಂಡ ಮಾಲಿನ ಪಟ್ಟಿ, ಛಾಯಾಚಿತ್ರ, ಮಾದರಿ ಇವೆಲ್ಲ ಮ್ಯಾಜಿಸ್ಟ್ರೇಟರ ಮುಂದೆ ಆಗಬೇಕು ಎನ್ನುತ್ತದೆ 52ಎ ಕಲಂ. ಶಿಕ್ಷೆ ಕಠಿಣವಾದಷ್ಟೂ ಈ ಎಚ್ಚರಗಳ ಪಾಲನೆ ಬಿಗಿಯಾಗಿರಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 1999ರಲ್ಲಿ ಬಲದೇವ್ ಸಿಂಗ್ ಪ್ರಕರಣದಲ್ಲಿ ಹೇಳಿತು. 2010ರಲ್ಲಿ ಮತ್ತೊಂದು ಸಂವಿಧಾನ ಪೀಠ 50ನೆಯ ಕಲಮಿನ ವಿಷಯದಲ್ಲಿ ಅದನ್ನೇ ಇನ್ನಷ್ಟು ಸ್ಪಷ್ಟಪಡಿಸಿತು.

ಖುಲಾಸೆಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಯೇ. ಆರೋಪಿಯ ಪರ ವಕೀಲರು ಏನೋ ಮಾಯೆ ಮಾಡಿದರೆಂದು ಜನರು ತಿಳಿಯುತ್ತಾರೆ. ಮಾಯೆಯೇನೂ ಇಲ್ಲ. ಠಾಣೆಯಲ್ಲಿ ತೂಗಿದ ಮಾದರಿಗೂ ಪ್ರಯೋಗಾಲಯಕ್ಕೆ ತಲುಪಿದ ಮಾದರಿಗೂ ತೂಕ ಹೊಂದುವುದಿಲ್ಲ. ಮೊಹರು ಯಾರ ಬಳಿ ಇತ್ತೆಂದು ಯಾರಿಗೂ ತಿಳಿದಿರುವುದಿಲ್ಲ. ಮಾಲುಖಾನೆಯ ವಹಿಯಲ್ಲಿ ನಮೂದು ಇರುವುದಿಲ್ಲ, ಇದ್ದರೂ ಆ ವಹಿ ನ್ಯಾಯಾಲಯಕ್ಕೆ ಬರುವುದಿಲ್ಲ. ಅಮೃತಸರದ ವಿಮಾನ ನಿಲ್ದಾಣದಲ್ಲಿ 1997ರಲ್ಲಿ ದ್ರಾಕ್ಷಿಯ ಪೆಟ್ಟಿಗೆಯೊಂದಿಗೆ ಬಂಧಿತನಾದ ಅಫ್ಘಾನ್ ಪ್ರಜೆ ನೂರ್ ಆಗಾನ ಪ್ರಕರಣ ಇದಕ್ಕೆ ದೊಡ್ಡ ಉದಾಹರಣೆ. ಆರೋಪಿಯ ಮೇಲೆ ಭಾರ ಹೊರಿಸುವ ಕಲಮುಗಳು ಸಂವಿಧಾನಬದ್ಧವೇ ಎಂದು 2008ರಲ್ಲಿ ಸುಪ್ರೀಂ ಕೋರ್ಟು ಒಪ್ಪಿಕೊಂಡಿತು. ಆದರೆ ಆ ಭಾರ ಆರೋಪಿಯ ಕಡೆಗೆ ವಾಲುವ ಮೊದಲು ಸರಕಾರವು ತನ್ನ ಬುನಾದಿಯ ಸಂಗತಿಗಳನ್ನು ಸಂಶಯಾತೀತವಾಗಿ ಸಾಬೀತುಪಡಿಸಬೇಕು ಎಂದಿತು. ಮಾಲಿನ ಮತ್ತು ಮಾದರಿಯ ವಿಷಯದಲ್ಲೇ ಸರಕಾರದ ಕಥೆ ನಿಲ್ಲಲಿಲ್ಲವಾದ್ದರಿಂದ ಶಿಕ್ಷೆಯನ್ನು ರದ್ದುಪಡಿಸಿತು. ಪರದೇಶಿ, ಪರಧರ್ಮೀಯ, ಮಾದಕ ವಸ್ತುವಿನ ಆರೋಪ ಹೊತ್ತವನು. ಇವನಿಗೂ ಸಾಕ್ಷ್ಯದ ಅಳತೆಗೋಲು ಗಿಡ್ಡವಾಗಲಿಲ್ಲ. ಈ ದೇಶದ ನ್ಯಾಯಾಂಗದ ಬಗ್ಗೆ ಭರವಸೆ ಕಳೆದುಕೊಂಡಿರುವ ನಮ್ಮ ಯುವಕರು ಇಂತಹ ತೀರ್ಪುಗಳನ್ನೂ ಓದಬೇಕು.

ಕಬ್ಬಿನ ಗದ್ದೆಯ ಪ್ರಕರಣಗಳಲ್ಲಿ ಇನ್ನೊಂದು ಬಗೆಯ ತೊಡಕಿದೆ. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಸೆಣಬು ಜಾತಿಯ ಆ ಗಿಡದ ಹೂವಿನ ಅಥವಾ ಕಾಯಿಯ ತುದಿಗಳು. ತುದಿಗಳಿಂದ ಬೇರ್ಪಟ್ಟ ಎಲೆ ಮತ್ತು ಬೀಜ ಅದರಲ್ಲಿ ಸೇರುವುದಿಲ್ಲ. ದಾಳಿ ಮಾಡಿದವರು ಹಸಿ ಗಿಡವನ್ನು ಬೇರು, ಕಾಂಡ, ಎಲೆ, ಮಣ್ಣು ಸಹಿತ ಕಿತ್ತು ತಕ್ಕಡಿಗೆ ಹಾಕಿ, ಇಷ್ಟು ಕಿಲೋ ಗಾಂಜಾ ಎಂದು ಪಂಚನಾಮೆಯಲ್ಲಿ ಬರೆದರೆ ಆ ಅಂಕಿ ನ್ಯಾಯಾಲಯದಲ್ಲಿ ಎಷ್ಟು ಹೊತ್ತು ನಿಂತೀತು? ಗಿಡ ಬೆಳೆಸಿದ್ದಕ್ಕೆ ಪ್ರತ್ಯೇಕ ಶಿಕ್ಷೆಯಿದೆ, 10 ವರ್ಷದವರೆಗೆ. ಅದನ್ನು ನೇರವಾಗಿ ಸಾಬೀತುಪಡಿಸುವುದನ್ನು ಬಿಟ್ಟು ವಾಣಿಜ್ಯ ಪ್ರಮಾಣದ ಭಾರಿ ಸುದ್ದಿಗೆ ಆಸೆಪಟ್ಟು ಪ್ರಕರಣವನ್ನೇ ಕೆಡಿಸಿಕೊಳ್ಳುವುದುಂಟು. ಮೇಲಾಗಿ ಗದ್ದೆ ಯಾರದು, ಬಿತ್ತಿದವರು ಯಾರು? ಉತಾರದಲ್ಲಿ ಅಜ್ಜನ ಹೆಸರು, ಸಾಗುವಳಿ ಲಾವಣಿದಾರನದು, ಅಣ್ಣತಮ್ಮಂದಿರ ಪಾಲು ಬಾಯಿಮಾತಿನದು. ಇದು ನಮ್ಮ ಕಡೆಯ ಪ್ರತಿಯೊಂದು ಮನೆಯ ಕಥೆ. ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ 2004ರಲ್ಲಿ ಸುಪ್ರೀಂ ಕೋರ್ಟು, ಜಮೀನು ಆರೋಪಿಯದೆಂಬುದಕ್ಕೂ ಅವನೇ ಬೆಳೆಸಿದನೆಂಬುದಕ್ಕೂ ಆಧಾರವಿಲ್ಲ, ಗಿಡಗಳು ತಾವಾಗಿಯೂ ಹುಟ್ಟಿರಬಹುದು ಎಂದು ಅವನನ್ನು ಬಿಡುಗಡೆ ಮಾಡಿತು.

ಹಾಗಾದರೆ ಸರಕಾರ ಮೇಲ್ಮನವಿಗೆ ಹೋಗಲೇಬಾರದೇ? ಖಂಡಿತ ಹೋಗಬೇಕು, ಹೋಗಲು ಕಾರಣವಿದ್ದಲ್ಲಿ. ಕೊಲೆ, ಹಲ್ಲೆಗಳಲ್ಲಿ ನೊಂದವರ ಕುಟುಂಬಕ್ಕೆ ತಾನೇ ಮೇಲ್ಮನವಿ ಸಲ್ಲಿಸುವ ಹಕ್ಕನ್ನು ಕಾನೂನು ಕೊಟ್ಟಿದೆ. ಗಾಂಜಾ ಸೇದಿ ಬುದ್ಧಿ ಕೆಟ್ಟ ಹುಡುಗನ ತಾಯಿಗೆ ಸಾಗಾಟಗಾರನ ಪ್ರಕರಣದಲ್ಲಿ ಅಂತಹ ಸ್ಥಾನ ಸಿಗುವುದು ಕಷ್ಟ. ಅವಳ ಪರವಾಗಿ ಮಾತಾಡಬೇಕಾದದ್ದು ಸರಕಾರವೊಂದೇ. ಕೆಳಗಿನ ನ್ಯಾಯಾಲಯಗಳೂ ತಪ್ಪುತ್ತವೆ. ಚೀಲದಲ್ಲಿ ಅಫೀಮು ಸಿಕ್ಕ ಹಿಮಾಚಲ ಪ್ರದೇಶದ ಪ್ರಕರಣದಲ್ಲಿ, ಚೀಲದ ಶೋಧನೆಗೂ 50ನೆಯ ಕಲಂ ಅನ್ವಯಿಸುತ್ತದೆ ಎಂದು ಭಾವಿಸಿ ಹೈಕೋರ್ಟು ಆರೋಪಿಯನ್ನು ಬಿಟ್ಟಿತ್ತು. ಸರಕಾರ ಮೇಲ್ಮನವಿ ಸಲ್ಲಿಸಿತು. ಚೀಲವು ದೇಹವಲ್ಲ ಎಂದು 2005ರಲ್ಲಿ ಸುಪ್ರೀಂ ಕೋರ್ಟು ಆ ಖುಲಾಸೆಯನ್ನು ತಿರುಗಿಸಿತು. ದೂರು ಕೊಟ್ಟ ಅಧಿಕಾರಿಯೇ ತನಿಖೆ ಮಾಡಿದರೆ ಆರೋಪಿಯನ್ನು ಬಿಡಬೇಕು ಎಂದು 2018ರಲ್ಲಿ ಬಂದ ತೀರ್ಪನ್ನು 2020ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ತಳ್ಳಿಹಾಕಿತು. ಆ ಎರಡು ವರ್ಷಗಳಲ್ಲಿ ಆ ಒಂದೇ ಕಾರಣಕ್ಕೆ ಆದ ಖುಲಾಸೆಗಳ ವಿರುದ್ಧ ಸರಕಾರ ಮೇಲಿನ ನ್ಯಾಯಾಲಯದ ಬಾಗಿಲು ತಟ್ಟಿದ್ದರೆ ಅದು ನ್ಯಾಯವೇ. 52ಎ ಕಲಮಿನ ಲೋಪವೊಂದೇ ಖುಲಾಸೆಗೆ ಸಾಲದು, ಉಳಿದ ಸಾಕ್ಷ್ಯ ನಂಬಲರ್ಹವೇ ಎಂದು ನೋಡಬೇಕು ಎಂದು ಛತ್ತೀಸಗಢದ ಪ್ರಕರಣದಲ್ಲಿ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕಾಗದದ ಸಣ್ಣ ತಪ್ಪನ್ನು ಹಿಡಿದು ದೊಡ್ಡ ಸಾಗಾಟಗಾರ ಪಾರಾಗುವುದನ್ನು ನ್ಯಾಯವೆಂದು ಕರೆಯುವಷ್ಟು ನಾವು ಮುಗ್ಧರಾಗಬಾರದು.

ಆದರೆ ಸಾಕ್ಷ್ಯವೇ ಕೊಳೆತಿದ್ದರೆ ಮೇಲ್ಮನವಿಯಿಂದ ಅದು ತಾಜಾ ಆಗುವುದಿಲ್ಲ. ರಾಜಸ್ಥಾನ ಸರಕಾರಕ್ಕೆ 2014ರಲ್ಲಿ ಇದರ ಅನುಭವವಾಯಿತು. ಇಬ್ಬರು ಆರೋಪಿಗಳಿಗೆ ಒಂದೇ ನೋಟೀಸು ಕೊಟ್ಟು, ಇಬ್ಬರ ಪರವಾಗಿ ಒಬ್ಬನಿಂದ ಸಹಿ ಹಾಕಿಸಿಕೊಂಡು, ದಾಳಿ ತಂಡದಲ್ಲಿದ್ದ ಅಧಿಕಾರಿಯ ಮುಂದೆಯೇ ಶೋಧನೆ ನಡೆಸಲು ಒಪ್ಪಿಗೆಯೇ ಎಂದು ಕೇಳಲಾಗಿತ್ತು. ಖುಲಾಸೆಯ ವಿರುದ್ಧ ದಿಲ್ಲಿಯವರೆಗೆ ಹೋದ ಸರಕಾರ ಬರಿಗೈಯಲ್ಲಿ ಮರಳಿತು. ಖುಲಾಸೆಯ ಮೇಲ್ಮನವಿಯನ್ನು ಹೇಗೆ ತೂಗಬೇಕೆಂಬ ಸೂತ್ರಗಳನ್ನು ಸುಪ್ರೀಂ ಕೋರ್ಟು ಕ್ರೋಡೀಕರಿಸಿದ್ದು ನಮ್ಮದೇ ರಾಜ್ಯದ ಪ್ರಕರಣದಲ್ಲಿ, 2007ರ ಚಂದ್ರಪ್ಪ ವಿರುದ್ಧ ಕರ್ನಾಟಕ ರಾಜ್ಯ ಎಂಬುದರಲ್ಲಿ. ಹೈಕೋರ್ಟು ಇಡೀ ಸಾಕ್ಷ್ಯವನ್ನು ಹೊಸದಾಗಿ ಪರಿಶೀಲಿಸಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ಖುಲಾಸೆಯಾದವನ ನಿರಪರಾಧಿತ್ವದ ಭಾವನೆ ಇಮ್ಮಡಿಯಾಗಿರುತ್ತದೆ. ಅದೇ ಸಾಕ್ಷ್ಯದಿಂದ ಎರಡು ಸಮಂಜಸ ತೀರ್ಮಾನಗಳು ಸಾಧ್ಯವಿದ್ದರೆ ಖುಲಾಸೆಯನ್ನು ಕದಡಬಾರದು. ಕೆಳಗಿನ ನ್ಯಾಯಾಧೀಶರು ನೋಡಿದ ರೀತಿ ನಮಗೆ ಹಿಡಿಸಲಿಲ್ಲ ಎಂಬುದು ಮೇಲ್ಮನವಿಗೆ ಕಾರಣವಾಗದು.

ಸರಕಾರಕ್ಕೆ ಇರುವ ಅವಧಿ 90 ದಿನ. ಆ 90 ದಿನಗಳಲ್ಲಿ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ನ್ಯಾಯಾಧೀಶರು ತಪ್ಪಿದರೋ ನಾವು ತಪ್ಪಿದೆವೋ ಎಂಬುದು. ಇದನ್ನು ಕೇಳಿಕೊಳ್ಳಲೇಬೇಕೆಂದು ಸುಪ್ರೀಂ ಕೋರ್ಟು ಆಜ್ಞೆಯನ್ನೇ ಮಾಡಿದೆ. ಗುಜರಾತಿನಲ್ಲಿ ಪುಟ್ಟ ಬಾಲಕಿಯ ಮೇಲಿನ ಅತ್ಯಾಚಾರ ಮತ್ತು ಕೊಲೆಯ ಪ್ರಕರಣದಲ್ಲಿ ತನಿಖೆಯ ಲೋಪಗಳಿಂದಾಗಿ ಖುಲಾಸೆಯನ್ನು ಎತ್ತಿಹಿಡಿಯಬೇಕಾಗಿ ಬಂದಾಗ, ನ್ಯಾಯಾಲಯವು ಎಲ್ಲ ರಾಜ್ಯಗಳ ಗೃಹ ಇಲಾಖೆಗಳಿಗೆ 2014ರ ಜನವರಿಯಲ್ಲಿ ಆದೇಶ ನೀಡಿತು. ಪೊಲೀಸ್ ಮತ್ತು ಅಭಿಯೋಜನ ಇಲಾಖೆಗಳ ಹಿರಿಯ ಅಧಿಕಾರಿಗಳ ಸ್ಥಾಯಿ ಸಮಿತಿ ರಚಿಸಬೇಕು, ಪ್ರತಿಯೊಂದು ಖುಲಾಸೆಯ ಕಾರಣವನ್ನು ಪರಿಶೀಲಿಸಬೇಕು, ತಪ್ಪು ಯಾರದೆಂದು ಗುರುತಿಸಿ ಇಲಾಖಾ ಕ್ರಮ ಕೈಗೊಳ್ಳಬೇಕು. ಇದಕ್ಕಾಗಿ ಆರು ತಿಂಗಳ ಗಡುವನ್ನೂ ಕೊಟ್ಟಿತು. ಚಿಕ್ಕೋಡಿ, ಅಥಣಿ ಭಾಗದ ನಮ್ಮ ಶಾಸಕರು, ಯಾವ ಪಕ್ಷದವರೇ ಆಗಲಿ, ವಿಧಾನಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಇದು: ಬೆಳಗಾವಿ ಜಿಲ್ಲೆಯ ಮಾದಕ ದ್ರವ್ಯ ಖುಲಾಸೆಗಳಲ್ಲಿ ಎಷ್ಟನ್ನು ಆ ಸಮಿತಿ ಪರಿಶೀಲಿಸಿದೆ, ಯಾವ ಅಧಿಕಾರಿಯ ಮೇಲೆ ಏನು ಕ್ರಮವಾಗಿದೆ? ಮೇಲ್ಮನವಿಗಳ ಸಂಖ್ಯೆಯನ್ನು ಮಾತ್ರ ಹೇಳಿ ಕುಳಿತುಕೊಳ್ಳುವ ಮಂತ್ರಿಗೆ ಮೆಚ್ಚುಗೆ ಕೊಡಬೇಕಾಗಿಲ್ಲ. 2022ರ ಡಿಸೆಂಬರಿನಿಂದ ವಶ, ಸಂಗ್ರಹ, ಮಾದರಿ ತೆಗೆಯುವಿಕೆಗೆ ಹೊಸ ನಿಯಮಗಳು ಬಂದಿವೆ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯು ಶೋಧನೆ ಮತ್ತು ವಶವನ್ನು ವಿಡಿಯೋ ಮಾಡುವುದನ್ನು ಕಡ್ಡಾಯಗೊಳಿಸಿದೆ. ಇನ್ನು ಮುಂದೆ ಮೊಬೈಲಿನ ಬ್ಯಾಟರಿ ಮುಗಿದಿತ್ತು ಎಂಬ ಸಬೂಬನ್ನು ಯಾವ ನ್ಯಾಯಾಲಯವಾದರೂ ಎಷ್ಟು ಸಲ ಕೇಳೀತು?

ಇಷ್ಟೆಲ್ಲ ಸರಕಾರಕ್ಕೆ ಹೇಳಿದ ಮೇಲೆ ನಮ್ಮ ಕಡೆಗೂ ತಿರುಗಬೇಕು. ಪಂಚನಾಮೆಗೆ ಸಹಿ ಹಾಕುವವರು ಯಾರು? ಬಸ್ ನಿಲ್ದಾಣದ ಪಕ್ಕದ ಚಹಾ ಅಂಗಡಿಯವನು, ಸೈಕಲ್ ರಿಪೇರಿಯವನು, ತಂಬಾಕಿನ ಗೋದಾಮಿನ ಹಮಾಲ. ಅವರಲ್ಲಿ ನಮ್ಮವರೂ ಇದ್ದಾರೆ. ಠಾಣೆಗೆ ಕರೆದು ಕಾಗದ ಮುಂದಿಟ್ಟರೆ ಓದದೆ ಸಹಿ ಹಾಕುತ್ತಾರೆ, ನಾಳೆ ಅಂಗಡಿ ನಡೆಯಬೇಕಲ್ಲ ಎಂದು. ಐದು ವರ್ಷಗಳ ಬಳಿಕ ನ್ಯಾಯಾಲಯದ ಕಟಕಟೆಯಲ್ಲಿ ನಿಂತು, ನಾನು ಏನನ್ನೂ ನೋಡಿಲ್ಲ, ಠಾಣೆಯಲ್ಲಿ ಸಹಿ ಹಾಕಿದೆ ಅಷ್ಟೇ ಎನ್ನುತ್ತಾರೆ. ಮೊದಲನೆಯದು ಸುಳ್ಳಾಗಿದ್ದರೆ ಒಬ್ಬ ನಿರಪರಾಧಿ ಅಷ್ಟು ವರ್ಷ ಜೈಲಿನಲ್ಲಿದ್ದ. ಎರಡನೆಯದು ಸುಳ್ಳಾಗಿದ್ದರೆ ಒಬ್ಬ ವಿಷದ ವ್ಯಾಪಾರಿ ಮತ್ತೆ ಪೇಟೆಗೆ ಬಂದ. ನ್ಯಾಯಕ್ಕಾಗಿ ನಿಲ್ಲಿರಿ, ಸಾಕ್ಷ್ಯವು ನಿಮ್ಮ ಅಥವಾ ನಿಮ್ಮ ತಂದೆತಾಯಿಯರ ವಿರುದ್ಧವಾಗಿದ್ದರೂ ಸರಿ ಎಂಬ ಆಜ್ಞೆಯು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದಲ್ಲಿದೆ. ಸುಳ್ಳು ಸಾಕ್ಷ್ಯವನ್ನು ಪ್ರವಾದಿಯವರು(ಸ) ಮಹಾಪಾಪಗಳ ಸಾಲಿನಲ್ಲಿ ಸೇರಿಸಿದ್ದಾರೆ. ಓದದ ಕಾಗದಕ್ಕೆ ಹಾಕಿದ ಸಹಿ ಯಾವ ಸಾಲಿಗೆ ಸೇರುತ್ತದೆ ಎಂಬುದನ್ನು ಜುಮಾ ಖುತ್ಬಾದಲ್ಲಿ ಖತೀಬರು ಒಮ್ಮೆಯಾದರೂ ವಿವರಿಸಬಾರದೇ?

ಭಾಷೆಯ ಪ್ರಶ್ನೆಯೂ ಇಲ್ಲಿ ಸಣ್ಣದಲ್ಲ. ಈ ಐದೂ ತಾಲೂಕುಗಳಲ್ಲಿ ಉರ್ದು ಶಾಲೆಯಲ್ಲಿ ಕಲಿತವರಿದ್ದಾರೆ, ಮರಾಠಿ ಶಾಲೆಯಲ್ಲಿ ಕಲಿತವರಿದ್ದಾರೆ. ಕನ್ನಡವನ್ನು ಮಾತಾಡಬಲ್ಲವರೆಲ್ಲರೂ ಅದನ್ನು ಓದಬಲ್ಲವರಲ್ಲ. ಠಾಣೆಯ ಕಾಗದಗಳೋ ಕನ್ನಡದಲ್ಲಿ, ಅದೂ ಅವಸರದ ಕೈಬರಹದಲ್ಲಿ. ಹಕ್ಕು ತಿಳಿಸಿದೆವೆಂದು ಬರೆದ ನೋಟೀಸನ್ನು ಓದಲಾರದವನು ಸಹಿ ಮಾಡಿದರೆ ಹಕ್ಕು ತಿಳಿದಂತಾಯಿತೇ? ಅದನ್ನು ಅವನ ಭಾಷೆಯಲ್ಲಿ ಓದಿ ಹೇಳಲಾಯಿತೆಂಬ ಒಂದು ಸಾಲು ಮತ್ತು ಹೇಳಿದವರ ಸಹಿ ಇದ್ದರೆ ಎಷ್ಟೋ ಪ್ರಕರಣಗಳಲ್ಲಿ ವಾದವೇ ಏಳುತ್ತಿರಲಿಲ್ಲ. ಕನ್ನಡ ಕಲಿಯುವುದು ನಮ್ಮ ಮಕ್ಕಳ ಹಿತಕ್ಕೇ ಎಂದು ಈ ಪತ್ರಿಕೆ ಹೇಳುತ್ತ ಬಂದಿರುವುದಕ್ಕೆ ಇದೂ ಒಂದು ಕಾರಣವೆಂದು ತಿಳಿಯಿರಿ.

ಮಾದಕ ವಸ್ತುವಿಗೆ ಧರ್ಮದ ಬಣ್ಣ ಬಳಿಯುವ ಚಟ ದೇಶದಲ್ಲಿ ಹೆಚ್ಚುತ್ತಿದೆ. 2021ರಲ್ಲಿ ಕೇರಳದಲ್ಲಿ ಪಾಲಾದ ಬಿಷಪರು ನಾರ್ಕೋಟಿಕ್ ಜಿಹಾದ್ ಎಂಬ ಪದವನ್ನು ಬಳಸಿದಾಗ ಎಷ್ಟು ಗದ್ದಲವಾಯಿತೆಂಬುದು ನೆನಪಿರಬಹುದು. ಬಂಧಿತನ ಹೆಸರು ಮುಸ್ಲಿಮನದಾದರೆ ಟಿವಿಯಲ್ಲಿ ಸಮುದಾಯವೇ ಆರೋಪಿಯಾಗುತ್ತದೆ. ಇದಕ್ಕೆ ಪ್ರತಿಯಾಗಿ, ಹೆಸರು ನಮ್ಮದೆಂಬ ಕಾರಣಕ್ಕೇ ಆರೋಪಿಯನ್ನು ನಿರ್ದೋಷಿಯೆಂದು ಮೆರವಣಿಗೆ ಮಾಡುವವರೂ ನಮ್ಮಲ್ಲಿ ಹುಟ್ಟಿದ್ದಾರೆ. ಇದು ಅದಕ್ಕಿಂತ ಕಡಿಮೆ ಕೆಡುಕಿನದಲ್ಲ. ಅಲ್ ಮಾಇದಾ ಅಧ್ಯಾಯವು ಅಮಲನ್ನು ಶೈತಾನನ ಕೆಲಸವೆಂದು ಕರೆದಿದೆ. ಹಶೀಶ್ ಹಿಂದೆ ಇರಲಿಲ್ಲ, ಆದ್ದರಿಂದ ಅದಕ್ಕೆ ಈ ನಿಷೇಧ ಅನ್ವಯಿಸದು ಎಂದು ವಾದಿಸಿದವರಿಗೆ ಇಮಾಮ್ ಇಬ್ನು ತೈಮಿಯ್ಯ ಏಳುನೂರು ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ಅದೇ ಶರೀಅತ್, ಸಂಶಯವಿದ್ದಲ್ಲಿ ಶಿಕ್ಷೆಯನ್ನು ತಡೆಯಬೇಕೆಂದೂ, ನ್ಯಾಯಾಧೀಶನು ಶಿಕ್ಷಿಸಿ ತಪ್ಪುವುದಕ್ಕಿಂತ ಕ್ಷಮಿಸಿ ತಪ್ಪುವುದು ಮೇಲೆಂದೂ ಕಲಿಸಿದೆ. ಇವೆರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ಬಾರದವರು ಜಮಾಅತಿನ ಪದಾಧಿಕಾರಿಗಳಾಗಿ ಮಾಡುವುದೇನು?

ಸೇದುವ ಹುಡುಗನನ್ನೂ ಸಾಗಿಸುವ ವ್ಯಾಪಾರಿಯನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ಇನ್ನೊಂದು ತಪ್ಪು. ಕಾಯ್ದೆಯ 64ಎ ಕಲಂ ಬಗ್ಗೆ ನಮ್ಮ ಪೋಷಕರಿಗೆ ಗೊತ್ತೇ ಇಲ್ಲ. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪವಿರುವ ವ್ಯಸನಿಯು ಸರಕಾರ ನಡೆಸುವ ಅಥವಾ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆಗೆ ಸೇರಿ ಅದನ್ನು ಪೂರ್ಣಗೊಳಿಸಿದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಗಾಂಜಾದ ಸಣ್ಣ ಪ್ರಮಾಣವೆಂದರೆ 1 ಕಿಲೋವರೆಗೆ. 14446 ಎಂಬ ಉಚಿತ ದೂರವಾಣಿಗೆ ಕರೆ ಮಾಡಿದರೆ ವ್ಯಸನಮುಕ್ತಿಯ ಸಲಹೆ ಸಿಗುತ್ತದೆ. ಮಾನ ಹೋದೀತೆಂದು ಮಗನನ್ನು ಮಿರಜದಲ್ಲೋ ಕೊಲ್ಲಾಪುರದಲ್ಲೋ ನೆಂಟರ ಮನೆಯಲ್ಲಿ ಬಚ್ಚಿಡುವ ತಂದೆ, ಅವನು ಮುಂದೆ ದೊಡ್ಡ ಪ್ರಕರಣದಲ್ಲಿ ಸಿಕ್ಕಿಬಿದ್ದಾಗ ಗದ್ದೆ ಮಾರಿ ವಕೀಲರನ್ನು ಹುಡುಕುತ್ತಾನೆ.

ಖುಲಾಸೆಯಾಗಿ ಮನೆಗೆ ಬಂದವರಿಗೂ ಒಂದು ಮಾತು. ಪ್ರಕರಣ ಮುಗಿಯಿತೆಂದು ಕಾಗದಗಳನ್ನು ಅಟ್ಟಕ್ಕೆ ಎಸೆಯಬೇಡಿ. ವಿಚಾರಣೆ ಮುಗಿಯುವ ಹೊತ್ತಿಗೆ, ಮೇಲಿನ ನ್ಯಾಯಾಲಯ ಕರೆದರೆ ಹಾಜರಾಗುತ್ತೇನೆಂದು ಬರೆದುಕೊಟ್ಟ ಮುಚ್ಚಳಿಕೆ ಆರು ತಿಂಗಳು ಜಾರಿಯಲ್ಲಿರುತ್ತದೆ. ಸರಕಾರ ಮೇಲ್ಮನವಿಗೆ ಹೋದರೆ ನಮ್ಮ ಭಾಗದವರಿಗೆ ನೋಟೀಸು ಬರುವುದು ಧಾರವಾಡದ ಹೈಕೋರ್ಟ್ ಪೀಠದಿಂದ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾದ ಅದು 2013ರಿಂದ ಕಾಯಂ ಪೀಠವಾಗಿದೆ, ಬೆಂಗಳೂರಿನವರೆಗೆ ಅಲೆಯಬೇಕಾಗಿಲ್ಲ. ಬಾಡಿಗೆ ಮನೆ ಬದಲಿಸಿದವರಿಗೆ, ಕಬ್ಬು ಕಡಿಯಲು ಬೇರೆ ಊರಿಗೆ ಹೋದವರಿಗೆ ನೋಟೀಸು ತಲುಪುವುದಿಲ್ಲ. ಅವರು ಬಾರದಿದ್ದರೆ ಬರುವುದು ವಾರಂಟು. ಖುಲಾಸೆಯ ಮೇಲ್ಮನವಿ ಬಾಕಿಯಿರುವಾಗಲೂ ಆರೋಪಿಯನ್ನು ಬಂಧಿಸಿ ತರಿಸುವ ಅಧಿಕಾರ ಹೈಕೋರ್ಟಿಗಿದೆ. ವಕೀಲರನ್ನು ನೇಮಿಸಲು ಶಕ್ತಿಯಿಲ್ಲದವರು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. 1987ರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟರಿಗೆ ಮತ್ತು ಬಂಧನದಲ್ಲಿರುವವರಿಗೆ ಆದಾಯ ನೋಡದೆಯೇ, ಉಳಿದ ಬಡವರಿಗೆ ಆದಾಯದ ಮಿತಿಯೊಳಗೆ ಉಚಿತ ವಕೀಲರು ಸಿಗುತ್ತಾರೆ. ಪ್ರತಿಯೊಂದು ಜಮಾಅತಿನ ಕಚೇರಿಯಲ್ಲಿ ನಿಕಾಹಿನ ವಹಿಯ ಪಕ್ಕದಲ್ಲಿ ಈ ಸಮಿತಿಯ ವಿಳಾಸ ಮತ್ತು ಅರ್ಜಿಯ ನಾಲ್ಕು ಪ್ರತಿಗಳನ್ನು ಇಟ್ಟುಕೊಳ್ಳುವುದಕ್ಕೆ ಖರ್ಚೇನೂ ಇಲ್ಲ.